ಗಾಡಿಗೆ ಸುದ್ದಿ ಮುಟ್ಟಿಸಿದ್ದು

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡವನಿಗೆ ದೆವ್ವಕ್ಕೆ ಹೆದರಲು ಪುರುಸೊತ್ತೂ ಇರುವುದಿಲ್ಲ. ಕರೆಂಟು ಹೋಗುವುದೇ ನಮಗೆ ದೊಡ್ಡ ದೆವ್ವ. ಮಗ್ಗ ನಿಂತರೆ ಎಲ್ಲೋ ಎಳೆ ಹರಿದಿದೆ, ಇಲ್ಲವೇ ಮೋಟಾರು ಸುಟ್ಟಿದೆ. ಯಂತ್ರ ಕಾರಣವಿಲ್ಲದೆ ನಿಲ್ಲುವುದಿಲ್ಲ, ಕಾರಣವಿಲ್ಲದೆ ನಡೆಯುವುದೂ ಇಲ್ಲ ಎಂದು ಎಷ್ಟೋ ಜನರಿಗೆ ಭಾಷಣ ಬಿಗಿದಿದ್ದೇನೆ. ಈಗ ಆ ಭಾಷಣ ಬಿಟ್ಟಿದ್ದೇನೆ. ಬೀಳಗಿ ಕಡೆಯ ಒಂದು ಶೆಡ್ಡಿನಲ್ಲಿ ಒಂದು ಸಂಜೆ ನಾನು ಕಣ್ಣಾರೆ ಕಂಡದ್ದಕ್ಕೆ ಇವತ್ತಿನವರೆಗೆ ನನಗೆ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ನನ್ನ ಹುಚ್ಚಿನ ಮಾತು. ನನಗೆ ಬಿಎಂಡಬ್ಲ್ಯೂ ಕಾರುಗಳ ಹುಚ್ಚು. ಹೊಸವಲ್ಲ, ಹಳೆಯವು. ತೊಂಬತ್ತರ ದಶಕದ, ಉದ್ದ ಮೂತಿಯ, ಜೋಡಿ ದುಂಡು ದೀಪದ, ಆರು ಸಿಲಿಂಡರಿನ ಗಾಡಿಗಳು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯಲ್ಲಿ ಕಬ್ಬಿನ ಸೀಸನ್ ಶುರುವಾಯಿತೆಂದರೆ ಟ್ರ್ಯಾಕ್ಟರುಗಳು ರಸ್ತೆಯನ್ನು ಉತ್ತು ಹಾಕುತ್ತವೆ. ಅಂಥ ರಸ್ತೆಯಲ್ಲಿ ಇಂಥ ಗಾಡಿ ಸಾಕುವುದು ಒಂದು ತಪಸ್ಸು. ಅಡಿಯ ರಬ್ಬರು ಬುಶ್ಶುಗಳು ವರ್ಷಕ್ಕೊಮ್ಮೆ ಮುಪ್ಪಾಗುತ್ತವೆ, ಬೇಸಿಗೆಯಲ್ಲಿ ನೀರಿನ ಪೈಪುಗಳನ್ನು ದಿನಾ ಮುಟ್ಟಿ ನೋಡಬೇಕು, ಒಂದು ಸಣ್ಣ ವಾಷರಿಗೂ ಪುಣೆಗೆ ಫೋನು ಹಚ್ಚಿ ರಾತ್ರಿ ಬಸ್ಸಿನ ಪಾರ್ಸಲಿಗೆ ಕಾಯಬೇಕು. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು" ಎಂದು ನೂಲಿನ ವ್ಯಾಪಾರಿಗಳು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಮುಖದ ಮುಂದೆಯೇ ಆಡುತ್ತಿದ್ದಳು. ಅವಳು ಕಾರಿಗೆ ಸವತಿ ಎಂದೇ ಹೆಸರಿಟ್ಟಿದ್ದಳು. ನಾನು ಅಂಗಳದಲ್ಲಿ ಬಾನೆಟ್ ಎತ್ತಿದರೆ ಸಾಕು, ಒಳಗಿನಿಂದ, "ಸವತಿ ತಲಿ ಬಾಚೂದು ಆತೇನ್ರೀ? ಚಾ ಆರಾಕತ್ತೈತಿ" ಎಂದು ಕೂಗುತ್ತಿದ್ದಳು.

ಈ ಹುಚ್ಚಿನಲ್ಲಿ ನನಗೆ ಇದ್ದವನು ಒಬ್ಬನೇ ಜೊತೆಗಾರ, ಬೀರಪ್ಪ. ಬೀಳಗಿ ತಾಲೂಕಿನವನು. ತಲೆತಲಾಂತರದಿಂದ ಕುರಿ ಕಾಯ್ದ ಮನೆತನ, ಬೀರೇಶ್ವರನ ಒಕ್ಕಲು. ಅಪ್ಪನ ಕಾಲಕ್ಕೆ ಹೊಲವೂ ಆಗಿತ್ತು. ಅವನ ಹತ್ತಿರ ಇದ್ದದ್ದು ಕಪ್ಪು ಬಣ್ಣದ ಫೈವ್ ಸೀರೀಸ್ ಬಿಎಂಡಬ್ಲ್ಯೂ, ಕೊಲ್ಲಾಪುರದ ಕಡೆಯಿಂದ ತಂದದ್ದು. ಲೋಕಾಪುರದಲ್ಲಿ ಅದು ಟಯರ್ ಪಂಕ್ಚರ್ ಆಗಿ ನಿಂತಾಗ ನಮ್ಮ ಪರಿಚಯವಾಯಿತು. ಪಂಕ್ಚರ್ ಹಾಕಿದ ಮೇಸ್ತ್ರಿ ಕುತೂಹಲಕ್ಕೆ ಬಾನೆಟ್ ಎತ್ತಿ ನೋಡಿ, "ಇದಕ್ಕ ಬ್ಯಾಟರಿನ ಇಲ್ಲಲ್ರೀ, ಹೆಂಗ ನಡಸ್ತೀರಿ?" ಎಂದು ಗಾಬರಿಯಾಗಿದ್ದ. ಆ ಮಾಡೆಲ್ಲಿನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಇರುತ್ತದೆ. ದಾರಿಯಲ್ಲಿ ಹೊರಟಿದ್ದ ನಾನು ಇಳಿದು ಸೀಟು ಎತ್ತಿ ತೋರಿಸಿದೆ. ಬೀರಪ್ಪ ನನ್ನನ್ನು ನೋಡಿ ನಕ್ಕ ನಗೆ ಇನ್ನೂ ಕಣ್ಣ ಮುಂದಿದೆ. ಊರ ಜಾತ್ರೆಯಲ್ಲಿ ಕಳೆದ ತಮ್ಮ ಸಿಕ್ಕ ಹಾಗೆ ನಕ್ಕಿದ್ದ.

ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ಕಾಲ ಅದು. ಬೀರಪ್ಪನ ಊರು ಮುಳುಗಡೆಗೆ ಸೇರಿತು. ಹೊಸ ಊರಿನಲ್ಲಿ ಕೊಟ್ಟ ಜಾಗದಲ್ಲಿ ಅವನು ಮನೆಗಿಂತ ಮೊದಲು ಗಾಡಿಗೆ ಒಂದು ತಗಡಿನ ಶೆಡ್ಡು ಕಟ್ಟಿಸಿದ. ಇದಕ್ಕೂ ಜನ ಸಾಕಷ್ಟು ನಕ್ಕರು. ಹಳೆಯ ಊರು ಬಿಡುವ ದಿನ ನಾನೂ ಹೋಗಿದ್ದೆ. ಅವನ ತಾಯಿ ಮಾಳವ್ವ ಒಂದು ಚೀಲ ಭಂಡಾರ ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು. ಭಂಡಾರ ಎಂದರೆ ಗೊತ್ತಲ್ಲ, ದೇವರ ಅರಿಶಿಣದ ಪುಡಿ. ಒಂದೊಂದು ಎತ್ತಿನ, ಎಮ್ಮೆಯ ಹಣೆಗೂ ಚಿಟಿಕೆ ಹಚ್ಚಿ, ಕಿವಿಯ ಹತ್ತಿರ ಬಾಗಿ, "ಊರ ಬಿಡಾಕತ್ತೇವಿ, ಹೊಸ ಊರಿಗಿ ಹೊಂಟೇವಿ, ಹೌಹಾರಬ್ಯಾಡ" ಎಂದು ಹೇಳಿದಳು. ಅದು ಅವರ ಮನೆಯ ರೂಢಿ. ಊರು ಬಿಡಲಿ, ಮಾರಲಿ, ಮನೆಯಲ್ಲಿ ಸಾವಾಗಲಿ, ಸಾಕಿದ ಪ್ರಾಣಿಗೆ ಸುದ್ದಿ ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಅದು ಮೇವು ಬಿಡುತ್ತದೆ, ಎದ್ದು ನಡೆಯುವುದಿಲ್ಲ ಎಂದು ಅವರ ನಂಬಿಕೆ. ಕೊಟ್ಟಿಗೆ ಮುಗಿಸಿ ಬಂದವಳು ಕಾರಿನ ಬಾನೆಟ್ಟಿಗೂ ಭಂಡಾರ ಹಚ್ಚಿ ಅದೇ ಮಾತು ಹೇಳಿದಳು. ನನಗೆ ನಗೆ ತಡೆಯಲಿಲ್ಲ. "ಇದು ಜರ್ಮನಿದು ಬೇ ಯವ್ವಾ, ಇದಕ್ಕ ಕನ್ನಡ ತಿಳೀತೈತೇನ?" ಅಂದೆ. ಅವಳು ನನ್ನ ಕಡೆ ನೋಡದೆ, "ಎಷ್ಟ ವರ್ಷಾತು ನಮ್ಮ ಮನಿ ನೀರ ಕುಡ್ಯಾಕತ್ತು? ತಿಳೀತೈತಿ" ಅಂದಳು.

ಬೀರಪ್ಪನಿಗೂ ಒಂದು ಅಭ್ಯಾಸವಿತ್ತು. ಗಾಡಿ ನಿಲ್ಲಿಸಿ ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ತಟ್ಟನೆ ಆರುವುದಿಲ್ಲ, ಸಾವಕಾಶ ಮಂಕಾಗಿ ಆರುತ್ತದೆ. ಈಗಿನ ಕಾರುಗಳಲ್ಲಿ ಅದು ದೊಡ್ಡ ಮಾತಲ್ಲ. ಆಗ ನಮ್ಮ ಕಡೆ ಅದನ್ನು ನೋಡಲು ಮಕ್ಕಳು ಸೇರುತ್ತಿದ್ದರು. ಆ ದೀಪ ಪೂರ್ತಿ ಆರುವ ತನಕ ಬೀರಪ್ಪ ಅಲ್ಲಿಂದ ಕದಲುತ್ತಿರಲಿಲ್ಲ. "ಕಣ್ಣ ಮುಚ್ಚಲಿ ತಡಿಯೋ. ಎತ್ತ ಮಲಗಿದ ಮ್ಯಾಲ ಕೊಟ್ಟಿಗಿ ಬಿಡಬೇಕು" ಅನ್ನುತ್ತಿದ್ದ.

ಹೊಸ ಊರಿಗೆ ಹೋದ ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ, ಹೊಲದಿಂದ ಬಂದು ಎದೆ ಹಿಡಿದುಕೊಂಡು ಕುಳಿತ ಬೀರಪ್ಪ ಏಳಲಿಲ್ಲ. ಆ ವಾರ ನಾವಿಬ್ಬರೂ ಕೊಲ್ಲಾಪುರಕ್ಕೆ ಹೋಗುವವರಿದ್ದೆವು. ಅವನು ಗಾಡಿಯ ಎಣ್ಣೆ ಬದಲಿಸಿ, ತೊಳೆದು, ಸಜ್ಜು ಮಾಡಿ ಇಟ್ಟಿದ್ದ. ನನಗೆ ಅಷ್ಟು ಅಳು ಬಂದದ್ದು ನನ್ನ ಅಪ್ಪ ಹೋದಾಗಲೂ ಇಲ್ಲ, ಸುಳ್ಳೇಕೆ ಹೇಳಲಿ.

ಆದರೆ ಮಾಳವ್ವ ಅಳಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ಆಮೇಲೂ ಇಲ್ಲ. ಮಗ ಸತ್ತ ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ. ಕುರಿಗಳಿಗೆ, ಎತ್ತುಗಳಿಗೆ ಸುದ್ದಿ ಮುಟ್ಟಿಸಬೇಕಾದವಳು ಅವಳೇ, ಮನೆಯ ಹಿರಿಯಳು. ಅವಳ ಬಾಯಿ ಏಳಲಿಲ್ಲ. ಕಿರಿಯ ಮಗ ಸಿದ್ದಪ್ಪನೇ ಭಂಡಾರ ಹಚ್ಚಿ ಹೇಳಿ ಬಂದ. ಮುದುಕಿ ಊಟ ಕಡಿಮೆ ಮಾಡಿದಳು, ಮಾತು ಬಿಟ್ಟಳು. "ಒಮ್ಮೆ ಅತ್ತರ ಹಗುರಾಕ್ಕಾಳ್ರೀ. ಹಿಂಗ ಇದ್ರ ನಮ್ಮವ್ವನೂ ಉಳಿಯೂದಿಲ್ಲ" ಎಂದು ಸಿದ್ದಪ್ಪ ನನ್ನ ಮುಂದೆ ಕಣ್ಣೀರು ಹಾಕಿದ.

ಮಳೆಗಾಲ ಕಳೆಯಿತು. ಶೆಡ್ಡು ಟ್ರ್ಯಾಕ್ಟರಿಗೆ ಬೇಕಾಯಿತು. ಸಿದ್ದಪ್ಪ ನನ್ನನ್ನು ಕರೆಸಿ, "ಅಣ್ಣನ ಗಾಡಿ ನೀವ ಒಯ್ರಿ. ಆದ್ರ ಚಾಲೂ ಆಗವಲ್ದು. ಅವ್ವನ ಮುಂದ ಹಗ್ಗ ಕಟ್ಟಿ ಹೆಣಾ ಎಳದಂಗ ಎಳಕೊಂಡು ಹೋಗೂದು ಬ್ಯಾಡ. ತನ್ನ ಕಾಲ ಮ್ಯಾಲ ಹೋದ್ರ ಹೋಗ್ಲಿ. ಇಲ್ಲಂದ್ರ ನಾಳಿ ಅವ್ವನ್ನ ಅಕ್ಕನ ಊರಿಗಿ ಕಳಸ್ತೇನಿ, ಗುಜರಿಯವ ಬಂದು ಇಲ್ಲೇ ಬಿಚ್ಚಿಕೊಂಡು ಹೋಗ್ತಾನ" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹುಚ್ಚು ನಮ್ಮದು, ಸಂಸಾರ ಅವನದು. ಆದರೆ ಬೀರಪ್ಪನ ಗಾಡಿಯನ್ನು ತುಂಡು ಮಾಡಿ ಮೂಟೆ ಕಟ್ಟುತ್ತಾರೆ ಎಂದರೆ ನೋಡುತ್ತ ಕೂಡಲು ನನ್ನಿಂದಾಗಲಿಲ್ಲ.

ಜಮಖಂಡಿಯ ಮೇಸ್ತ್ರಿ ರಫೀಕನನ್ನು ಕರೆದುಕೊಂಡು ಹೋದೆ. ನಮ್ಮ ಗಾಡಿಗಳ ಮೈಯೆಲ್ಲ ಅವನಿಗೆ ಗೊತ್ತು. ಬೆಳಗಿನಿಂದ ಇಬ್ಬರೂ ಒದ್ದಾಡಿದೆವು. ಹಳೆಯ ಪೆಟ್ರೋಲು ತೆಗೆದು ಹೊಸದು ಹಾಕಿದೆವು. ಪಂಪು ಗುಂಯ್ ಅನ್ನುತ್ತಿತ್ತು, ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿತ್ತು, ಇಂಜಿನ್ನು ತಿರುಗುತ್ತಿತ್ತು. ಹತ್ತಿಕೊಳ್ಳುತ್ತಿರಲಿಲ್ಲ, ಅಷ್ಟೇ. ನನ್ನ ಗಾಡಿಯಿಂದ ಸೆನ್ಸರು ಬಿಚ್ಚಿ ತಂದು ಹಾಕಿದರೂ ಅದೇ ಕತೆ. "ಎಲ್ಲಾ ಛಲೋ ಐತ್ರೀ. ಅದಕ್ಕ ಮನಸ್ಸಿಲ್ಲ ಅಷ್ಟ" ಎಂದು ರಫೀಕ ಚೇಷ್ಟೆ ಮಾಡಿದ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮಧ್ಯಾಹ್ನ ದಾಟುವ ಹೊತ್ತಿಗೆ ಬ್ಯಾಟರಿಯೂ ಬಸವಳಿಯಿತು. ರಫೀಕ ಹಿಂದಿನ ಸೀಟು ಎತ್ತಿ ಬ್ಯಾಟರಿ ಬಿಚ್ಚಿ, ಹೊತ್ತುಕೊಂಡು ಹೊರಗೆ ಹೋಗಿ, ಟ್ರ್ಯಾಕ್ಟರಿನ ಬ್ಯಾಟರಿಗೆ ವೈರು ಜೋಡಿಸಿ ಚಾರ್ಜಿಗೆ ಇಟ್ಟ. ಇದನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಬ್ಯಾಟರಿ ಅಂಗಳದಲ್ಲಿತ್ತು, ಗಾಡಿ ಶೆಡ್ಡಿನಲ್ಲಿತ್ತು. ನಡುವೆ ಒಂದು ತಂತಿಯೂ ಇರಲಿಲ್ಲ.

ನಾನು ಶೆಡ್ಡಿನ ಮೂಲೆಯಲ್ಲಿ ಒಂದು ಡಬ್ಬಿಯ ಮೇಲೆ ಕುಳಿತಿದ್ದೆ. ಹೊತ್ತು ಇಳಿದಿತ್ತು, ಒಳಗೆ ಕತ್ತಲು ಕಟ್ಟುತ್ತಿತ್ತು. ಮಾಳವ್ವ ಬಾಗಿಲಲ್ಲಿ ಬಂದು ನಿಂತಳು. ಗಾಡಿಯನ್ನೇ ನೋಡುತ್ತ ಕೇಳಿದಳು:

"ಅದಕ್ಕ ಸುದ್ದಿ ಮುಟ್ಟಿಸೀರೇನು?"

ನಾನು ಇಲ್ಲವೆಂದು ತಲೆ ಆಡಿಸಿದೆ. ಸಿದ್ದಪ್ಪ ಕುರಿಗೆ ಹೇಳಿದ್ದ, ಎತ್ತಿಗೆ ಹೇಳಿದ್ದ. ಗಾಡಿಯ ನೆನಪು ಯಾರಿಗೂ ಆಗಿರಲಿಲ್ಲ. ನನಗೂ ಆಗಿರಲಿಲ್ಲ.

ಅವಳು ಸೊಂಟದ ಚೀಲ ಬಿಚ್ಚಿ ಚಿಟಿಕೆ ಭಂಡಾರ ತೆಗೆದಳು. ಬಾನೆಟ್ಟಿಗೆ ಹಚ್ಚಿ, ಅದರ ಮೇಲೆ ಕೈ ಇಟ್ಟು ನಿಂತಳು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ನನಗೆ ಎದ್ದು ಹೋಗಿ ಅವಳ ಕೈ ಹಿಡಿಯಬೇಕು ಅನಿಸಿತು. ಆದರೆ ಏಳಲಿಲ್ಲ. ಕೊನೆಗೆ ದನಿ ಬಂತು.

"ಕೇಳವ್ವಾ. ನಿನ್ನ ಧಣಿ ಹ್ವಾದ. ಬೀರ್ಯಾ ಸತ್ತಾನ. ನನ್ನ ಮಗಾ ಸತ್ತಾನ. ಇನ್ನ ಮ್ಯಾಲ ಅವನ ಹಾದಿ ಕಾಯಬ್ಯಾಡ. ಇವನ ಮನಿಗಿ ಹೋಗು. ಹೊಟ್ಟಿಗಿ ಹಾಕ್ತಾನ, ಛಲೋ ನೋಡ್ಕೋತಾನ."

ಆಗ ಗಾಡಿಯ ಒಳಗಿನ ದೀಪ ಹತ್ತಿತು.

ಮಿಂಚಿದ್ದಲ್ಲ, ಫಳಕ್ ಅಂದದ್ದೂ ಅಲ್ಲ. ಬಾಗಿಲು ತೆರೆದಾಗ ಹತ್ತುವ ಹಾಗೆಯೇ ಹತ್ತಿತು. ಸ್ಟೇರಿಂಗು ಕಂಡಿತು. ಎತ್ತಿಟ್ಟ ಹಿಂದಿನ ಸೀಟು ಕಂಡಿತು. ಅದರ ಕೆಳಗೆ ಬ್ಯಾಟರಿ ಇರಬೇಕಾದ ಜಾಗ ಖಾಲಿ ಇದ್ದದ್ದೂ ಆ ಬೆಳಕಿನಲ್ಲೇ ಕಂಡಿತು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಸ್ವಲ್ಪ ಹೊತ್ತು ಉರಿದು, ಸಾವಕಾಶ ಮಂಕಾಗುತ್ತ ಆರಿತು, ಬೀರಪ್ಪ ದಿನಾ ನಿಂತು ನೋಡುತ್ತಿದ್ದನಲ್ಲ, ಹಾಗೆ. ಹೊರಗೆ ರಫೀಕ ಸಿದ್ದಪ್ಪನ ಜೊತೆ ಏನೋ ಮಾತಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು.

ಮಾಳವ್ವ ಬಾನೆಟ್ಟಿನ ಮೇಲೆ ಹಣೆ ಇಟ್ಟು ಅತ್ತಳು. ಅಷ್ಟು ತಿಂಗಳು ತಡೆದ ಅಳು. ಸಿದ್ದಪ್ಪ ಓಡಿಬಂದು ಅವಳನ್ನು ಹಿಡಿದುಕೊಂಡ, ಅವನೂ ಅತ್ತ. ಹೆಂಗಸರು ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಆ ಸಂಜೆ ಅವಳು ಒಂದು ರೊಟ್ಟಿ ಪೂರ್ತಿ ತಿಂದಳೆಂದು ಆಮೇಲೆ ಸಿದ್ದಪ್ಪ ಹೇಳಿದ.

ರಫೀಕ ಬ್ಯಾಟರಿ ತಂದು ಕೂಡಿಸಿದ. ಕೀಲಿ ತಿರುವಿದೆ. ಒಂದೇ ಏಟಿಗೆ ಇಂಜಿನ್ನು ಹತ್ತಿಕೊಂಡಿತು. ಅದರ ದನಿಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಬಾನೆಟ್ಟಿನ ಭಂಡಾರ ಒರೆಸದೆ, ಜಮಖಂಡಿಯಲ್ಲಿ ರಫೀಕನನ್ನು ಇಳಿಸಿ, ಬನಹಟ್ಟಿಗೆ ಬಂದೆ. ನನ್ನ ಗಾಡಿಯನ್ನು ಮರುದಿನ ಹೋಗಿ ತಂದೆ.

ಚಾಲೂ ಆದದ್ದಕ್ಕೆ ನಾನು ಕಾರಣ ಕೊಡಬಲ್ಲೆ. ಬೆಳಗಿನಿಂದ ಪೆಟ್ರೋಲು ಕುಡಿದು ಪ್ಲಗ್ಗುಗಳು ತೊಯ್ದಿದ್ದವು, ಬಿಟ್ಟಾಗ ಒಣಗಿದವು, ಬ್ಯಾಟರಿಗೂ ಜೀವ ಬಂದಿತ್ತು. ರಫೀಕನೂ ಅದನ್ನೇ ಹೇಳಿದ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದರೆ ನಾನು ವಾದ ಮಾಡುವುದಿಲ್ಲ. ಆದರೆ ದೀಪ? ರಫೀಕನಿಗೆ ಹೇಳಿದಾಗ, "ಹೊರಗಿನ ಬಿಸಿಲು ಗ್ಲಾಸಿಗಿ ಬಡದಿರಬೇಕ್ರೀ" ಅಂದ. ಆ ಹೊತ್ತಿಗೆ ಬಿಸಿಲೆಲ್ಲಿತ್ತು? ವೈರುಗಳಲ್ಲಿ ಉಳಿದ ಕರೆಂಟು ಇರಬಹುದೆಂದು ಮನೆಯಲ್ಲಿ ಎಷ್ಟೋ ಸಲ ಬ್ಯಾಟರಿ ಬಿಚ್ಚಿಟ್ಟು, ಬಾಗಿಲು ತೆಗೆದು ಹಾಕಿ, ಕಾಯ್ದು ನೋಡಿದೆ. ಒಮ್ಮೆಯೂ ಹತ್ತಲಿಲ್ಲ. ಮಾಳವ್ವನನ್ನೂ ಕೇಳಿದೆ, ದೀಪ ನೋಡಿದೆಯಾ ಎಂದು. ನೋಡಿದೆ ಅಂದಳು. ನಾನು ಬೆರಗಾಗಿ ಕೇಳಿದ್ದೇ ಅವಳಿಗೆ ಬೆರಗು. "ಹೇಳಿದ್ದು ಕೇಳಿತು, ಹ್ಞೂಂ ಅಂತು. ಅದರಾಗೇನೈತೋ?" ಅಂದಳು.

ಮಾಳವ್ವ ಈಗಿಲ್ಲ. ಹೋಗುವ ಮೊದಲು ತನ್ನ ಸೊಂಟದ ಭಂಡಾರದ ಚೀಲವನ್ನು ನನ್ನ ಕೈಗೆ ಕೊಟ್ಟಿದ್ದಳು. ಆ ಕಪ್ಪು ಗಾಡಿ ನಮ್ಮ ಅಂಗಳದಲ್ಲಿದೆ, ಚೆನ್ನಾಗಿದೆ. ದಿನಾ ಬಾಗಿಲು ಹಾಕಿದ ಮೇಲೆ ದೀಪ ಆರುವ ತನಕ ನಿಲ್ಲುತ್ತೇನೆ. ಈ ಕತೆಯನ್ನು ನನ್ನ ಹೆಂಡತಿಗೆ ಅಂದೇ ಹೇಳಿದ್ದೆ. ಅವಳು ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ. ಸವತಿ ಅನ್ನುವುದನ್ನಂತೂ ಬಿಡಲಿಲ್ಲ. ಮೊನ್ನೆ ನನಗೆ ಎದೆಯಲ್ಲಿ ಸ್ವಲ್ಪ ಬಿಗಿದ ಹಾಗಾಗಿ ಡಾಕ್ಟರ ಹತ್ತಿರ ಹೋಗಿ ಬಂದೆವು. ದೊಡ್ಡದೇನಿಲ್ಲ, ಗ್ಯಾಸು ಅಂದರು. ಮನೆಗೆ ಬಂದು ನಾನು ದೀಪ ನೋಡುತ್ತ ನಿಂತಿದ್ದಾಗ ಅವಳೂ ಬಂದು ಪಕ್ಕದಲ್ಲಿ ನಿಂತಳು. ದೀಪ ಆರಿತು. ಆಮೇಲೆ, ನನ್ನ ಮುಖ ನೋಡದೆ, ಸಣ್ಣ ದನಿಯಲ್ಲಿ ಕೇಳಿದಳು:

"ಆ ಭಂಡಾರದ ಚೀಲಾ ಎಲ್ಲಿ ಇಟ್ಟೀರಿ? ತೋರಿಸಿ ಇಡ್ರಿ."