ಗುಡುಗಿನ ದಿನಗಳಲ್ಲಿ ಒಂದು ಬೂಟಬಲ್ ಪೆನ್‌ಡ್ರೈವ್

ಕುವೈತಿನಲ್ಲಿ ತಂಗಿಗೆ ಮಗು ಹುಟ್ಟಿದ ಹೊತ್ತಿಗೆ ವೇಣೂರಿನ ನಮ್ಮ ಮನೆಯ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿತ್ತು. ವಿಡಿಯೊ ಕಾಲ್ ಮಾಡಿದರೆ ಸಾಕು, ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು. ಮೊಬೈಲಿನಲ್ಲಿ ತೋರಿಸಿದರೆ ಅಮ್ಮನಿಗೆ ಸಮಾಧಾನವಿಲ್ಲ. "ಇದ್ರಲ್ಲಿ ಮಗು ಅಡಿಕೆಯಷ್ಟು ಕಾಣ್ತದೆ. ನಂಗೆ ಅದರ ಮುಖ ದೊಡ್ಡದ್ರಲ್ಲೇ ನೋಡ್ಬೇಕು" ಎಂದು ಹಟ.

ಬಂಟ್ವಾಳದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಫೋನ್ ಮಾಡಿದೆ. "ಹೊಸ ವಿಂಡೋಸ್ ಹಾಕುವ ಮಾರಾಯ. ಅದನ್ನು ಪೆನ್‌ಡ್ರೈವಿಗೆ ಬರೆದು ಬೂಟಬಲ್ ಮಾಡು, ಕಂಪ್ಯೂಟರ್ ಅದರಿಂದಲೇ ಶುರುವಾಗ್ತದೆ. ಬರೀತಾ ಇರುವಾಗ ಕರೆಂಟ್ ಮಾತ್ರ ಹೋಗ್ಬಾರ್ದು" ಎಂದ. ನಮ್ಮ ಮನೆಯಲ್ಲಿ ಕರೆಂಟ್ ತೆಗೆಯುವವಳು ಅಮ್ಮ ಎಂಬುದು ಅವನಿಗೇನು ಗೊತ್ತು!

ನಮ್ಮ ಕಡೆ ದೂರದಲ್ಲಿ ಗುಡುಗಿದರೂ ಮನೆಮನೆಯಲ್ಲಿ ಪ್ಲಗ್ಗುಗಳು ಕಳಚುತ್ತವೆ. ಒಮ್ಮೆ ಸಿಡಿಲಿಗೆ ಟಿವಿ ಸುಟ್ಟ ಮೇಲಂತೂ ಅಮ್ಮ ಮೋಡ ಕಂಡರೇ ಎದ್ದು ನಿಲ್ಲುತ್ತಾಳೆ. ನಾನೋ ಮೂಡುಬಿದಿರೆಯಲ್ಲಿ ಕೆಲಸ ಮುಗಿಸಿ, ಬಸ್ಸಿನಲ್ಲಿ ನೇತಾಡಿಕೊಂಡು ಮನೆ ಸೇರುವುದೂ ಗುಡುಗು ಶುರುವಾಗುವುದೂ ಒಟ್ಟಿಗೇ.

ಮೊದಲ ಸಂಜೆ, ಪೆನ್‌ಡ್ರೈವಿಗೆ ಎಷ್ಟು ಬರೆದಾಯಿತೆಂದು ತೋರಿಸುವ ಪರದೆಯ ಹಸಿರು ಪಟ್ಟಿ ತೆವಳುತ್ತಾ ಇನ್ನೇನು ತುದಿ ಮುಟ್ಟಬೇಕು, ಪರದೆ ಕತ್ತಲಾಯಿತು. ತಿರುಗಿ ನೋಡಿದರೆ ಅಮ್ಮ ಪ್ಲಗ್ ಹಿಡಿದು ನಿಂತಿದ್ದಾಳೆ.

"ಅಮ್ಮಾ! ಮುಗೀತಾ ಬಂದಿತ್ತು!"

"ನೀನೂ ಮುಗೀತಿದ್ದಿ. ಗುಡುಗುವಾಗ ಅದರ ಮುಂದೆ ಕೂರುವುದುಂಟಾ?"

ಮರುದಿನ ನಾನೂ ಹುಷಾರಾದೆ. ಪ್ಲಗ್ಗಿಗೆ ಕೈ ಹೋಗದಂತೆ ಕಪಾಟನ್ನು ಎಳೆದು ಅಡ್ಡ ಇಟ್ಟೆ. ಗುಡುಗಿತು. ಅಮ್ಮ ಬಂದಳು, ಕಪಾಟು ನೋಡಿದಳು, ಬಂದ ಹಾಗೇ ಹೊರಗೆ ಹೋದಳು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಇಡೀ ಮನೆಯೇ ಕತ್ತಲಾಯಿತು. ಜಗಲಿಗೆ ಓಡಿದರೆ ಅಮ್ಮ ಮೀಟರ್ ಬೋರ್ಡಿನ ಫ್ಯೂಸನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

"ಪೆನ್‌ಡ್ರೈವ್ ಆಗದಿದ್ರೆ ಕಂಪ್ಯೂಟರ್ ಸರಿಯಾಗುದಿಲ್ಲ. ಕಂಪ್ಯೂಟರ್ ಸರಿಯಾಗದಿದ್ರೆ ಮಗು ಕಾಣುದಿಲ್ಲ. ನಿಂಗೆ ಮೊಮ್ಮಗ ಬೇಕಾ, ಫ್ಯೂಸ್ ಬೇಕಾ?"

ಅಮ್ಮ ಫ್ಯೂಸು ಕೊಡಲಿಲ್ಲ. ಆದರೆ ಮುಖ ಸಣ್ಣದಾಯಿತು. ಪಾಪ ಅನಿಸಿತು.

ಆದಿತ್ಯವಾರ ಬೆಳಗ್ಗೆ ಚಾ ಕುಡಿಯುವುದಕ್ಕೂ ಮೊದಲೇ ಅಮ್ಮ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು. ತಾನು ಅಂಗಳದಲ್ಲಿ ಕುರ್ಚಿ ಹಾಕಿ ಆಕಾಶ ಕಾಯುತ್ತಾ ಕುಳಿತಳು. ಹಸಿರು ಪಟ್ಟಿ ತುದಿ ಮುಟ್ಟಿತು. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುವಾಯಿತು. ಹೊಸ ವಿಂಡೋಸ್ ಕೂತು, ಕ್ಯಾಮೆರಾ, ಸ್ಪೀಕರ್ ಎಲ್ಲ ಸರಿಯಾಗುವಾಗ ಸಂಜೆಯಾಗಿತ್ತು.

ತಂಗಿ ಪರದೆಯ ಮೇಲೆ ಬಂದಳು. ಮಗುವನ್ನು ಕ್ಯಾಮೆರಾದ ಹತ್ತಿರ ಹಿಡಿದಳು. ಇಡೀ ಪರದೆಯ ತುಂಬ ಮೊಮ್ಮಗನ ಮುಖ. ಆದರೆ ಪುಣ್ಯಾತ್ಮ ಗಾಢ ನಿದ್ದೆಯಲ್ಲಿದ್ದ. ಅಮ್ಮ ಕನ್ನಡಕ ಒರೆಸಿಕೊಂಡು ಹತ್ತಿರ ಬಾಗಿದಳು.

ಆಗ ಮನೆಯ ಮಾಡಿನ ಮೇಲೆಯೇ ಬಿದ್ದ ಹಾಗೆ ಗುಡುಗಿತು. ಹೆದರಿ ಪ್ಲಗ್ಗಿಗೆ ಕೈ ಹಾಕಿದವನು ಈ ಸಲ ನಾನು. ಅಮ್ಮ ಕೈಗೆ ಪಟ್ಟೆಂದು ಬಾರಿಸಿದಳು, ಪರದೆಯಿಂದ ಕಣ್ಣು ಕೀಳದೆಯೇ.

"ಸುಮ್ನೆ ಕೂರು. ಅವನು ಕಣ್ಣು ಬಿಡ್ಲಿ."