ಯಾರಿಗೆ ಯಾವ ಪುಟ

ಫರೀದಾಬಾದಿನ ಒಂದು ಬಿಡಿಭಾಗಗಳ ಕಾರ್ಖಾನೆಗೆ ನಮ್ಮ ಸಣ್ಣ ಕಂಪನಿ ವೆಬ್‌ಸೈಟ್ ಮಾಡಿಕೊಡುತ್ತಿತ್ತು. ನನಗಾಗ ಇಪ್ಪತ್ಮೂರು ವರ್ಷ, ದೆಹಲಿಗೆ ಬಂದು ಆರು ತಿಂಗಳಾಗಿತ್ತು. ಲಾಗಿನ್ ಆದವರಲ್ಲಿ ಯಾರಿಗೆ ಯಾವ ಪುಟ ಕಾಣಬೇಕು, ಯಾರು ಏನನ್ನು ತಿದ್ದಬಹುದು ಎಂಬ ವ್ಯವಸ್ಥೆ ನನ್ನ ಪಾಲಿಗೆ ಬಂದಿತ್ತು.

ನನಗಿಂತ ಮೊದಲಿನವರು ಮಾಡಿಟ್ಟ ವಿನ್ಯಾಸದಲ್ಲಿ ಎಲ್ಲದಕ್ಕೂ ಒಂದೇ ಟೇಬಲ್, ಅಂದರೆ ಮಾಹಿತಿ ತುಂಬಿಡುವ ಒಂದೇ ಕೋಷ್ಟಕ. ಪ್ರತಿ ಹೆಸರಿನ ಮುಂದೆ ಒಂದು ಹುದ್ದೆ: ಸ್ಟೋರ್, ತಪಾಸಣೆ ಅಥವಾ ಮಾರಾಟ. ಒಬ್ಬರಿಗೆ ಎರಡು ಹುದ್ದೆ ಕೊಡಲು ಜಾಗವೇ ಇರಲಿಲ್ಲ.

ಕಾರ್ಖಾನೆಯಲ್ಲಿ ಆಗಲೇ ಪ್ರಯೋಗಕ್ಕೆ ಬಿಟ್ಟಿದ್ದ ಅದನ್ನು ವಿವರಿಸಿ ತೋರಿಸಲು ಅಲ್ಲಿಗೆ ಹೋದಾಗ ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರು ಹಿಂದಿಯಲ್ಲಿ ಕೇಳಿದರು: "ಬೇಟಿ, ತಪಾಸಣೆಯವನು ರಜೆ ಹಾಕಿದಾಗ ಮಾಲು ಪಾಸು ಮಾಡುವವನೂ ನಾನೇ. ಇದರಲ್ಲಿ ಅದು ಹೇಗೆ?"

"ಈಗ ಹೇಗೆ ಮಾಡ್ತೀರಿ?"

ಅವರು ಕನ್ನಡಕದ ಪೆಟ್ಟಿಗೆಯಿಂದ ಮಡಚಿದ ಚೀಟಿ ತೆಗೆದರು. ತಪಾಸಣೆಯವನ ಪಾಸ್‌ವರ್ಡ್. "ನಾನು ಪಾಸು ಮಾಡಿದ್ದೆಲ್ಲ ಅವನ ಹೆಸರಲ್ಲಿ ಹೋಗುತ್ತೆ. ತಪ್ಪು ನನ್ನದಾದರೂ ಬೈಗುಳ ಅವನಿಗೆ."

ಮರಳುವ ಬಸ್ಸಿನಲ್ಲಿ ನೋಟ್‌ಬುಕ್ ತೆರೆದೆ. ಜನರಿಗೊಂದು ಟೇಬಲ್, ಹುದ್ದೆಗಳಿಗೊಂದು, ಅನುಮತಿಗಳಿಗೊಂದು. ಯಾರಿಗೆ ಯಾವ ಯಾವ ಹುದ್ದೆ, ಯಾವ ಹುದ್ದೆಗೆ ಯಾವ ಯಾವ ಅನುಮತಿ ಎಂದು ಹೇಳಲು ನಡುವೆ ಇನ್ನೆರಡು. ಬಸ್ಸು ಕುಲುಕಿ ಗೆರೆಗಳೆಲ್ಲ ಸೊಟ್ಟಗಾದವು, ಆದರೆ ಲೆಕ್ಕ ನೇರವಾಗಿ ಕೂತಿತ್ತು.

ನಮ್ಮ ಹಿರಿಯ ಎಂಜಿನಿಯರ್ ಮೈಸೂರಿನವರು. ನೋಟ್‌ಬುಕ್ ತಿರುಗಿಸಿ ನೋಡಿದರು.

"ಏನಮ್ಮಾ, ಒಂದು ಟೇಬಲ್‌ನಲ್ಲಿ ಆಗೋ ಕೆಲಸಕ್ಕೆ ಐದಾ?"

"ಒಂದರಲ್ಲಿ ಆಗ್ತಿಲ್ಲ ಸರ್. ಅದಕ್ಕೇ ಅವರು ಇನ್ನೊಬ್ಬರ ಪಾಸ್‌ವರ್ಡ್ ಜೇಬಲ್ಲಿಟ್ಕೊಂಡು ಓಡಾಡ್ತಿದ್ದಾರೆ."

"ಸೋಮವಾರ ಮತ್ತೆ ತೋರಿಸ್ಬೇಕು. ಕೈಕೊಟ್ರೆ?"

"ಹಳೇದು ಹಾಗೇ ಇರತ್ತೆ, ಅದನ್ನೇ ತೋರಿಸೋಣ."

ಅವರು ನೋಟ್‌ಬುಕ್ಕನ್ನು ನನ್ನತ್ತ ಸರಿಸಿದರು. "ಅಚ್ಛಾ, ಮಾಡು ನೋಡೋಣ."

ಸೋಮವಾರ ಕಾರ್ಖಾನೆಯಲ್ಲಿ ಆ ಹಿರಿಯರ ಹೆಸರಿಗೆ ಎರಡನೆಯ ಹುದ್ದೆ ಸೇರಿಸಿದೆ. ಅವರು ತಮ್ಮದೇ ಪಾಸ್‌ವರ್ಡ್ ಹಾಕಿ, ಎರಡು ಬೆರಳಲ್ಲಿ ಒತ್ತುತ್ತಾ ಒಂದು ಪೆಟ್ಟಿಗೆ ಮಾಲು ಪಾಸು ಮಾಡಿದರು. ಪರದೆಯ ಮೇಲೆ ಅವರ ಹೆಸರು ಮೂಡಿತು. ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ನನ್ನ ಹಿಂದೆ ನಿಂತಿದ್ದ ನಮ್ಮ ಎಂಜಿನಿಯರ್ ಅದನ್ನೆಲ್ಲ ನೋಡಿದರು. ಮುಂದಿನ ಕೆಲಸದ ವಿನ್ಯಾಸವನ್ನು ನಾನು ಕೇಳದೆಯೇ ನನಗೆ ಕೊಟ್ಟರು.

ಕೆಲವು ತಿಂಗಳ ನಂತರ ಕಾರ್ಖಾನೆಯಲ್ಲಿ ಪ್ಯಾಕಿಂಗ್‌ಗೆ ಹೊಸ ವಿಭಾಗ ಶುರುವಾಯಿತು. ಹೊಸ ಹುದ್ದೆಗಳನ್ನು ಕಾರ್ಖಾನೆಯವರೇ ಸೇರಿಸಿಕೊಂಡಿದ್ದರು. ಒಂದು ಸಾಲು ಪ್ರೋಗ್ರಾಮ್ ಕೂಡ ತಿದ್ದಬೇಕಾಗಲಿಲ್ಲ. ವಿಷಯ ನಮಗೆ ತಿಳಿದದ್ದೇ ವಾರ ಕಳೆದ ಮೇಲೆ.

ಅಂದು ನಮ್ಮ ಎಂಜಿನಿಯರ್ ಹೊಸದಾಗಿ ಸೇರಿದವಳೊಬ್ಬಳನ್ನು ನನ್ನ ಮೇಜಿನ ಬಳಿ ಕರೆತಂದರು. "ಇವರು ಮಾಡಿರೋ ಟೇಬಲ್‌ಗಳನ್ನ ಮೊದಲು ಓದು, ಆಮೇಲೆ ನಿನ್ನದು ಶುರು ಮಾಡು," ಎಂದರು. ನಾನು ಕುರ್ಚಿ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟೆ. ಮುಖದ ಮೇಲಿನ ನಗುವನ್ನು ಮುಚ್ಚಿಡಲು ನಾನೇನೂ ಕಷ್ಟಪಡಲಿಲ್ಲ.