ರಹಮತ್ ಬಿಯ ಹಾರಿಹೋದ ತಗಡು
ಬಿರುಗಾಳಿ ಬೀಸಿ ವಾರವಾದ ಮೇಲೆ, ಪಂಚನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ರಹಮತ್ ಬಿ, “ಮೇಷ್ಟ್ರೇ, ನಿಮ್ ಪಟ್ಟಾಪಟ್ಟಿ ಚಡ್ಡಿ ನಮ್ ತೆಂಗಿನ ಮರದಾಗಿತ್ತು ಕಣ್ರೀ” ಎಂದು ಎತ್ತಿ ತೋರಿಸಿದಾಗ, ಹೊನ್ನೇಶ ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಗಾಳಿ ಹೊತ್ತೊಯ್ದದ್ದನ್ನೆಲ್ಲ ಹುಡುಕಿ ವಾರಸುದಾರರಿಗೆ ಮುಟ್ಟಿಸುವುದೇ ಈಗ ಆಕೆಯ ದಿನಚರಿ. ನೀರಿನ ಕೊಡದ ನೆಗ್ಗು ನೋಡಿ ಯಾರ ಮನೆಯದೆಂದು ಹೇಳುವಳು, ಕೋಳಿಯ ಕೂಗು ಕೇಳಿ ಯಜಮಾನಿಯ ಹೆಸರು ಹೇಳುವಳು. ಕೊಟ್ಟಮೇಲೆ, “ಜೀವ ಉಳೀತಲ್ಲ, ಅಲ್ಲಾ ದೊಡ್ಡೋನು” ಎನ್ನುವಳು. ಆಕೆಯ ಒಲೆ ಮಾತ್ರ ಇನ್ನೂ ಬಯಲಲ್ಲೇ ಇತ್ತು, ಅಡುಗೆಮನೆಯ ತಗಡು ಹಾರಿಹೋಗಿತ್ತು. ಮಳೆಗಾಲ ಬಾಗಿಲಿಗೆ ಬಂದಿತ್ತು. ಚಡ್ಡಿಯ ಉಪಕಾರ ನೆನೆದು ಮೇಷ್ಟ್ರು, “ಎಲ್ಲರದ್ದೂ ಹುಡುಕಿದ್ರಿ, ನಿಮ್ಮ ತಗಡು ಸಿಗಲಿಲ್ವಾ?” ಎಂದರು. “ಅವತ್ತೇ ಸಿಕ್ತು. ಆಚೆಮನೆ ಭಾಗಮ್ಮ ತನ್ ಕೊಟ್ಟಿಗೆಗೆ ಹೊದಿಸವ್ಳೆ. ಒಳಗೆ ಎಮ್ಮೆ ಬಾಣಂತಿ, ಹೆಂಗ್ ಕಿತ್ಕೊಂಡ್ ಬರೋದು?”